ಮಾದರಿ

ಯಾವ ತೋಳು, ಎಂದು ಕೇಳಿದಳು ಫುಲ್ವಿಯಾ.
ಬಲದ್ದು, ಎಂದೆ. ಎಡಗೈ ನರ
ರಬ್ಬರ್ ಪಟ್ಟಿ ಕಂಡರೆ ಒಳಗೆ ಸರಿದುಬಿಡುತ್ತದೆ,
ಹಿಡಿದೆಳೆದ ಕೈ ಅದಕ್ಕಿನ್ನೂ ನೆನಪು.
ಯಾಕೆಂದು ಅವಳು ಕೇಳಲಿಲ್ಲ.
ಸುಮ್ಮನೆ ಕುರ್ಚಿ ತಿರುಗಿಸಿ ಇಟ್ಟಳು,
ಬಾಗಿಲು ನನ್ನ ಕಣ್ಣಿಗೆ ಬೀಳುವ ಹಾಗೆ.

ಹೊರಗೆ ತ್ರಿಯೆಸ್ತೆಯ ಮೇಲೆ ಬೋರಾ ಗಾಳಿ.
ಬೆಳಗಿನಿಂದ ಯಾರದೋ ತಗಡು ಬಡಿದುಕೊಳ್ಳುತ್ತಿದೆ.

ಇಪ್ಪತ್ತಮೂರು ವರ್ಷದಿಂದ ಬಂದರಿನ ಗೋದಾಮಿನಲ್ಲಿ
ಕಾಫಿ ಚೀಲಕ್ಕೆ ಕೊಳವೆ ಚುಚ್ಚುವುದು ನನ್ನ ಕಸುಬು.
ಸಾವಿರ ಚೀಲ ಬಂದಿಳಿದರೂ ಹಿಡಿ ಬೀಜ ಸಾಕು,
ಒಣಗುವ ಕಣದಲ್ಲಿ ಬಿದ್ದ ಮಳೆ, ಹಡಗಿನ ಹೊಟ್ಟೆಯ ಬೂಷ್ಟು,
ಎಲ್ಲ ಹೇಳಿಬಿಡುತ್ತದೆ.
ಮೇಲಿಂದ ಮಾತ್ರ ತೆಗೆಯಬಾರದು.
ಮೇಲೆ ಎಲ್ಲರೂ ಒಳ್ಳೆಯದನ್ನೇ ಇಡುತ್ತಾರೆ.
ಅಡಿಯಿಂದ ತೆಗಿ, ಎಂದೆ ಫುಲ್ವಿಯಾಗೆ.
ನಗಬಹುದಿತ್ತು. ನಗಲಿಲ್ಲ.

ಮಾದರಿ ಹೆಂಡತಿ ಎನ್ನುತ್ತಿದ್ದರು ನಮ್ಮ ಬೀದಿಯಲ್ಲಿ:
ಕಿಟಕಿ ಮುಚ್ಚಿಕೊಂಡು ಅತ್ತವಳು,
ಆಗಸ್ಟಿನಲ್ಲೂ ಉದ್ದ ತೋಳು ತೊಟ್ಟವಳು,
ಲಿವಿಯೋ ರಾತ್ರಿ ಬೀರು ಸರಿಸುತ್ತಿದ್ದ, ಸದ್ದಾಯಿತು ಎಂದು
ಕೆಳಮನೆಯವರ ಕ್ಷಮೆ ಕೇಳಿ ಬಂದವಳು.
ಈಗ ನಿಜಕ್ಕೂ ಮಾದರಿ.
ನೇರಳೆ ಮುಚ್ಚಳದ ಎರಡು ಕೊಳವೆ,
ಮೇಲೆ ನೀವೆಸ್ ಇಲ್ಲ, ಅವನ ಮನೆತನ ಇಲ್ಲ,
ಬರೀ ಒಂದು ಅಂಕಿ.
ಮೈನಸ್ ಎಂಬತ್ತರಲ್ಲಿ ಇಡುತ್ತಾರಂತೆ.
ಅಂಕಿಯೊಳಗೆ ಇಷ್ಟು ಬೆಚ್ಚಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಎಷ್ಟು ಸಲ, ಎಂದಿತ್ತು ಹಾಳೆಯಲ್ಲಿ.
ಒಮ್ಮೆ. ಆಗಾಗ. ಪದೇಪದೇ.
ಎಣಿಸುವುದನ್ನು ಬಿಟ್ಟಮೇಲೆ, ಎಂಬ ಚೌಕ ಹುಡುಕಿದೆ,
ಇರಲಿಲ್ಲ. ಅಂಚಿನಲ್ಲಿ ಬರೆದೆ.
ಮೂರನೇ ಪುಟದ ಕೆಳಗೆ:
ಇದರಿಂದ ನಿಮಗೆ ನೇರ ಪ್ರಯೋಜನವೇನೂ ಇಲ್ಲ.
ಎರಡು ಸಲ ಓದಿದೆ.
ಪೊಲೀಸರ ಕಾಗದ 'ದಂಪತಿ ಜಗಳ' ಅಂದಿತ್ತು,
ಆಸ್ಪತ್ರೆಯದು 'ಮೆಟ್ಟಿಲಲ್ಲಿ ಜಾರಿ' (ಅದು ನನ್ನದೇ ಬಾಯಿ).
ಸುಳ್ಳು ಹೇಳದ ಮೊದಲ ಕಾಗದಕ್ಕೆ ಸಹಿ ಹಾಕಿದೆ.

ಅಕ್ಷರ ಬದಲಾಗಿರುವುದಿಲ್ಲ, ಎಂದಳು ಡಾಕ್ಟರ್ ಕೊಸುತಾ,
ನನ್ನ ಮಗಳ ವಯಸ್ಸಿನವಳು, ಉಗುರು ಕಚ್ಚುವವಳು.
ಅಕ್ಷರದ ಮೇಲೆ ಕೂತ ಗುರುತುಗಳನ್ನಷ್ಟೇ ನೋಡುತ್ತೇವೆ,
ಯಾವ ಜೀನನ್ನು ದೇಹ ಗಟ್ಟಿಯಾಗಿ ಓದುತ್ತದೆ,
ಯಾವುದನ್ನು ನುಂಗಿಕೊಳ್ಳುತ್ತದೆ ಅಂತ.
ಅರ್ಥವಾಯಿತು ನನಗೆ. ನಮ್ಮ ಮಾತಿನಲ್ಲಿ ಅಂಕೋರ ಇದೆಯಲ್ಲ,
ಅದೇ ಅಕ್ಷರಗಳು;
ಮೊದಲಲ್ಲಿ ಒತ್ತಿದರೆ ಲಂಗರು,
ನಡುವೆ ಒತ್ತಿದರೆ ಇನ್ನೂ.
ಇನ್ನೂ ಬೀಗದ ಸದ್ದಿಗೆ ಎದೆ ಹಾರುತ್ತದೆ,
ಇನ್ನೂ ಮೂರು ಗಂಟೆಗೇ ನಿದ್ದೆ ಮುಗಿಯುತ್ತದೆ,
ಸಕ್ಕರೆ, ರಕ್ತದೊತ್ತಡ, ಕೀಲು ನೋವು.
ವಯಸ್ಸು ಎಂದರು ಹಿಂದಿನ ಡಾಕ್ಟರು, ನಲವತ್ತಕ್ಕೇ.

ಗುರುತು ಅಳಿಸುತ್ತದೆಯೇ, ಎಂದು ಕೇಳಿದೆ.
ಗೊತ್ತಿಲ್ಲ, ಎಂದಳು. ಅದಕ್ಕೇ ಕೇಳುತ್ತಿದ್ದೇವೆ.
ಎಲ್ಲ ಗೊತ್ತಿದ್ದವನ ಜೊತೆ ಹದಿನೇಳು ವರ್ಷ ಬಾಳಿದವಳಿಗೆ
ಆ 'ಗೊತ್ತಿಲ್ಲ' ಎಷ್ಟು ಮೆತ್ತಗಿತ್ತು.

ಜಿನೇವ್ರಾ ಕೇಳಿದ್ದನ್ನು ಮಾತ್ರ ಅವಳ ಮುಂದೆ ಎತ್ತಲಿಲ್ಲ.
ಹೋದ ಭಾನುವಾರ, ತಟ್ಟೆ ಒರೆಸುತ್ತಾ, ನನ್ನತ್ತ ನೋಡದೆ:
ನಾನಾಗ ನಿನ್ನ ಹೊಟ್ಟೆಯಲ್ಲಿದ್ದೆನಲ್ಲ ಅಮ್ಮಾ,
ನನ್ನೊಳಗೂ ಇದೆಯಾ?
ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

ಹತ್ತಿಯ ಮೇಲೆ ಹೆಬ್ಬೆರಳು ಒತ್ತಿಕೊಂಡು ಹೊರಬಂದೆ.
ಚೀಲದಿಂದ ಕೊಳವೆ ಎಳೆದಮೇಲೂ ಹೀಗೇ ಮಾಡುತ್ತೇವೆ,
ಬೆರಳಿನಿಂದ ತಿಕ್ಕಿದರೆ ಸೆಣಬಿನೆಳೆಗಳು
ಒಂದೊಂದೇ ಹತ್ತಿರ ಸರಿದು ತೂತು ಮುಚ್ಚುತ್ತದೆ.
ಗೊತ್ತಿದ್ದವರು ತಡವಿದರೆ ಸಿಗುತ್ತದೆ ಜಾಗ.
ಬೀಜ ಸುರಿಯುವುದಿಲ್ಲ, ಅಷ್ಟೆ.

ಬಸ್ಸು ತಪ್ಪಿತ್ತು. ಮಧ್ಯಾಹ್ನದ ಪಾಳಿಗೆ ಇನ್ನೂ ಹೊತ್ತಿದೆ.
ಕಂಬ ಹಿಡಿದು ನಿಂತೆ, ಎಡಗೈಯಲ್ಲಿ.